ಕಿವುಡ ಮಗುವೂ ಕೇಳುವ ಮನೆಯೂ

ದೆಹಲಿಯ ಅಂಚಿನ ಇಂದಿರಾಪುರಂನಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದಕ್ಕೆ ತಮ್ಮ ಕೂಸಿಗೆ ಕಿವಿ ಕೇಳಿಸದೆಂದು ತಿಳಿದುಬಂದರೆ, ಮೊದಲು ಏಳುವ ಪ್ರಶ್ನೆ ಭಾಷೆಯದು. ಅಜ್ಜಿಯದು ಕನ್ನಡ, ನೆರೆಹೊರೆಯದು ಹಿಂದಿ, ಶಾಲೆಯದು ಇಂಗ್ಲಿಷ್; ಇವುಗಳಲ್ಲಿ ಒಂದನ್ನೇ ಹಿಡಿಯಿರೆಂದು ಸಲಹೆ ಕೊಡುವ ವಾಡಿಕೆ ಬಹುಕಾಲದಿಂದ ಇದೆ. ಆ ಆಯ್ಕೆಯಲ್ಲಿ ಕನ್ನಡ ಉಳಿಯುವುದು ಕಷ್ಟ, ಅಜ್ಜಿಯೂ ದೂರವಾಗುತ್ತಾಳೆ.

ಈ ದೂರವನ್ನು ವಿದ್ವಾಂಸರು ಗಮನಿಸಿದ್ದು ತೀರ ತಡವಾಗಿ. ಕಿವುಡರ ಶಿಕ್ಷಣವನ್ನು ಕುರಿತ 1880ರ ಮಿಲಾನ್ ಸಮ್ಮೇಳನವು ಸಂಜ್ಞಾಭಾಷೆಯನ್ನು ತರಗತಿಯಿಂದ ಬಹಿಷ್ಕರಿಸಿ ವಾಗಭ್ಯಾಸಕ್ಕೆ ಪಟ್ಟ ಕಟ್ಟಿದ ಮೇಲೆ, ಮನೆಯೂ ಶಾಲೆಯ ಒಂದು ಶಾಖೆಯಂತಾಯಿತು. ತಾಯಿಯೂ ಪತ್ನಿಯೂ ಕಿವುಡರೇ ಆಗಿದ್ದ ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಈ ವಾಗಭ್ಯಾಸದ ಪಕ್ಷದ ಪ್ರಬಲ ವಕ್ತಾರನಾದುದು ಇತಿಹಾಸದ ವೈಚಿತ್ರ್ಯಗಳಲ್ಲೊಂದು. 1960ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಸ್ಟೋಕೀ ಅಮೆರಿಕದ ಕಿವುಡರ ಸಂಜ್ಞೆಗೆ ವ್ಯಾಕರಣಬದ್ಧ ರಚನೆಯುಂಟೆಂದು ತೋರಿಸಿದನು. ಸಂಶೋಧಕಿ ಕ್ಯಾಥ್ರಿನ್ ಮೆಡೋ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಿವುಡ ತಂದೆತಾಯಿಗಳ ಕಿವುಡ ಮಕ್ಕಳು ಓದಿನಲ್ಲಿ ಕೇಳುವವರ ಕಿವುಡ ಮಕ್ಕಳಿಗಿಂತ ಮುಂದಿದ್ದರು. ಕೊರತೆ ಮಗುವಿನ ಕಿವಿಯಲ್ಲಿ ಮಾತ್ರವಲ್ಲ, ಮನೆಯ ಕೈಗಳಲ್ಲಿಯೂ ಇದ್ದೀತೆಂಬ ಶಂಕೆಗೆ ಅಲ್ಲಿಂದ ಬಲ ಬಂದಿತು. ಅಮೆರಿಕದ ಮಾರ್ತಾಸ್ ವಿನ್ಯರ್ಡ್ ದ್ವೀಪದಲ್ಲಿ ಹಿಂದೆ ಕೇಳುವವರೂ ಸಹಜವಾಗಿ ಸಂಜ್ಞೆಯಾಡುತ್ತಿದ್ದರೆಂದು ಮಾನವಶಾಸ್ತ್ರಜ್ಞೆ ನೋರಾ ಗ್ರೋಸ್ 1985ರ ಗ್ರಂಥದಲ್ಲಿ ನಿರೂಪಿಸಿದಳು.

ನಮ್ಮಲ್ಲಿ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾಯಿತು. ಅದೇ ಊರಿನ 'ತಾಯಂದಿರ ಶಾಲೆ'ಯಲ್ಲಿ ತಾಯಿಯೂ ಮಗುವಿನೊಡನೆ ಕುಳಿತು ಪಾಠ ಕಲಿಯುತ್ತಾಳೆ. ಶ್ಲಾಘ್ಯವೇ ಸರಿ, ಆದರೆ ಭಾರವೆಲ್ಲ ತಾಯಿಯೊಬ್ಬಳ ಹೆಗಲಿಗೆ, ತಂದೆಗೆ ಅದೇಕೆ ವಿನಾಯಿತಿ? ಇನ್ನು ನಮ್ಮ ಸಂಜ್ಞೆಗಳ ವಿಷಯಕ್ಕೆ ಬಂದರೆ, ಹನ್ನೊಂದರ ವಯಸ್ಸಿನಲ್ಲಿ ಕಿವುಡರಾದ ಹಿಮಾಚಲದ ಮದನ್ ವಸಿಷ್ಠ, ಅಮೆರಿಕದ ಸಹೋದ್ಯೋಗಿಗಳೊಡನೆ 1980ರಲ್ಲಿ ದೆಹಲಿಯ ಸಂಜ್ಞೆಗಳನ್ನು, ಅನಂತರ ಬೆಂಗಳೂರಿನವನ್ನೂ ಗ್ರಂಥಸ್ಥಗೊಳಿಸಿದರು. ಬೆಂಗಳೂರಿನ ಕಿವುಡರ ನಡುವೆ ಬಾಳಿ ಬರೆದ ಮಾನವಶಾಸ್ತ್ರಜ್ಞೆ ಮಿಷೆಲ್ ಫ್ರೀಡ್ನರ್ 2015ರ ಕೃತಿಯಲ್ಲಿ, ಒಡಹುಟ್ಟಿದವರಿಗಿಂತ ಕಿವುಡ ಗೆಳೆಯರಲ್ಲಿಯೇ ಆಪ್ತತೆಯನ್ನರಸುವ ತರುಣರನ್ನು ಚಿತ್ರಿಸಿದ್ದಾಳೆ.

ಹಾಗೆಂದು ಮನೆಗಳು ಮೂಕವಾಗಿದ್ದವೆಂದಲ್ಲ. ಮೂಗುಬೊಟ್ಟನ್ನು ಮುಟ್ಟಿ ತೋರಿಸಿದರೆ ಅಜ್ಜಿ, ಮೀಸೆ ತಿರುವಿದರೆ ಸೋದರಮಾವ, ಅಂಗೈಯೊಳಗೆ ತುತ್ತು ಕಲಸಿದರೆ ಊಟ: ಇಂಥ ಮನೆಸಂಜ್ಞೆಗಳು ಎಷ್ಟೋ ಮನೆಗಳಲ್ಲಿ ಹುಟ್ಟುತ್ತವೆ. ಆದರೆ ಅವುಗಳಿಂದ ಊಟಕ್ಕೆ ಕರೆಯಬಹುದೇ ಹೊರತು, ಮಾವ ಏಕೆ ಮುನಿಸಿಕೊಂಡನೆಂದು ವಿವರಿಸಲಾಗದು.

ಇಂದಿರಾಪುರಂನವರಿಗೆ ಇಂದು ನೆರವು ಹತ್ತಿರದಲ್ಲೇ ಉಂಟು. ರೂಮಾ ರೋಕಾ 2005ರಲ್ಲಿ ಆರಂಭಿಸಿದ ನೋಯ್ಡಾ ಡೆಫ್ ಸೊಸೈಟಿ ಪಕ್ಕದ ಊರಿನದು. 2015ರಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿದೆ. ಆ ಕೇಂದ್ರದ ನಿಘಂಟು 2021ರಲ್ಲಿ ಹತ್ತು ಸಾವಿರ ಪದಗಳನ್ನು ಮುಟ್ಟಿತು; ಅದರ ದೃಶ್ಯಪಾಠಗಳು ಮೊಬೈಲಿನಲ್ಲಿಯೇ ಉಚಿತವಾಗಿ ದೊರೆಯುತ್ತವೆ. ಶ್ರವಣಯಂತ್ರವನ್ನೋ ಶಸ್ತ್ರಚಿಕಿತ್ಸೆಯನ್ನೋ ಬೇಡವೆನ್ನುವುದು ನನ್ನ ಉದ್ದೇಶವಲ್ಲ. ಅವುಗಳ ಜೊತೆಗೆ ತಂದೆ, ಅಕ್ಕ, ತಮ್ಮ, ಊರಿನಿಂದ ಬಂದಿರುವ ಅಜ್ಜಿ, ಎಲ್ಲರೂ ದಿನಕ್ಕೆ ನಾಲ್ಕು ಸಂಜ್ಞೆಗಳನ್ನಾದರೂ ಕಲಿಯಲಿ.