ಮಕ್ಕಳ ಪುಸ್ತಕ ನಮ್ಮೂರಿಗೆ ಬಂದ ದಾರಿ

ಅಮರ ಚಿತ್ರ ಕಥಾ ಮೊದಲು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್ ಪರವಾಗಿ ಬೆಂಗಳೂರಿನ ಜಿ. ಕೆ. ಅನಂತರಾಮ್ ತಂದ ಆ ಹತ್ತು ಪುಸ್ತಕಗಳು ವಿದೇಶಿ ಅದ್ಭುತ ಕಥೆಗಳ ಕನ್ನಡ ರೂಪಗಳು. ಅವು ಚೆನ್ನಾಗಿ ಖರ್ಚಾದವು, ಆಮೇಲೆಯೇ ಮುಂಬೈಯವರು ಸರಣಿಯನ್ನು ದೊಡ್ಡದಾಗಿ ಕೈಗೆತ್ತಿಕೊಂಡರು ಎಂದು ಅನಂತರಾಮ್ ಅವರೇ ಹೇಳಿಕೊಂಡಿದ್ದಾರೆ. ಅನಂತ ಪೈ ಸಂಪಾದಿಸಿದ ಇಂಗ್ಲಿಷ್ 'ಕೃಷ್ಣ'ಕ್ಕೆ 11 ಎಂಬ ಸಂಖ್ಯೆ ಬಿದ್ದದ್ದು ಇದರಿಂದ. ಈ ಸಂಗತಿ ಹೇಳಿದಾಗ ಗೆಳೆಯರು ಕನ್ನಡದ ಹೆಮ್ಮೆ ಎಂದು ಹಿಗ್ಗುತ್ತಾರೆ. ನನ್ನ ಗಮನವಿರುವುದು ಅನಂತರಾಮ್ ಅವರ ಕಸುಬಿನ ಮೇಲೆ. ಅವರು ಕಥೆಗಾರರಲ್ಲ, ಚಿತ್ರಕಾರರೂ ಅಲ್ಲ, ಪುಸ್ತಕ ಮಾರುವವರು.

ಮಕ್ಕಳ ಪುಸ್ತಕದ ಪ್ರಕಾಶಕರು ಬೆಳೆದ ಕಡೆಯಲ್ಲೆಲ್ಲ ಒಳ್ಳೆಯ ಲೇಖಕರ ಜೊತೆಗೆ ಪುಸ್ತಕ ಮಗುವಿನ ಕೈ ತಲುಪುವ ದಾರಿಯೊಂದು ಇದ್ದೇ ಇರುತ್ತದೆ. 1960ರಲ್ಲಿ ಶುರುವಾದ ನವಕರ್ನಾಟಕ ಪ್ರಕಾಶನ ಅಗ್ಗದ, ಬಣ್ಣ ಬಣ್ಣದ ಸೋವಿಯತ್ ಪುಸ್ತಕಗಳನ್ನು ಕನ್ನಡಿಗರ ಮನೆಗೆ ಮುಟ್ಟಿಸಿತು. ರಾಷ್ಟ್ರೋತ್ಥಾನದವರ ಭಾರತ-ಭಾರತಿ ಮಾಲೆ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಟ್ಟ ಪುಸ್ತಕಗಳವರೆಗೆ ಬೆಳೆಯಿತು. ಒಂದು ಎಡ, ಇನ್ನೊಂದು ಬಲ. ಆದರೆ ಇಬ್ಬರ ವ್ಯಾಪಾರದ ಬುದ್ಧಿಯಲ್ಲಿ ಅಂಥ ಅಂತರವಿಲ್ಲ: ಬೆಲೆ ಕಡಿಮೆ ಇರಬೇಕು, ಓದುಗರನ್ನು ಹುಡುಕಿಕೊಂಡು ನಾವೇ ಹೋಗಬೇಕು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಆ ಪುಸ್ತಕಗಳು ನಿಂತುಹೋದರೂ ನವಕರ್ನಾಟಕ ಉಳಿಯಿತು. ಅಷ್ಟರಲ್ಲಿ ಅದಕ್ಕೆ ತನ್ನದೇ ಪ್ರಕಟಣೆಗಳೂ ಮಳಿಗೆಗಳೂ ಇದ್ದವು. ಕಲಬುರಗಿಯಲ್ಲೂ ಒಂದು ಮಳಿಗೆಯಿದೆ. ನಮ್ಮ ಕಡೆಯವರ ಪಾಲಿಗೆ ಬಹಳ ಕಾಲ ಪುಸ್ತಕದಂಗಡಿ ಅಂದರೆ ಅದೇ.

ಕಲಬುರಗಿಯಿಂದ ಈಚೆಗೆ, ಯಾದಗಿರಿ, ಶಹಾಪುರ, ಸುರಪುರಗಳಿಗೆ ಈ ದಾರಿ ಯಾಕೆ ಬರಲಿಲ್ಲ? ದೂರ ಒಂದೇ ಕಾರಣವಲ್ಲ. ಮುಂಬೈ–ಮದರಾಸು ರೈಲು ಮಾರ್ಗ 1871ರ ಹೊತ್ತಿಗೇ ಯಾದಗಿರಿಯನ್ನು ಹಾಯ್ದು ಹೋಗಿತ್ತು. ನನ್ನ ಪ್ರಕಾರ ಮುಖ್ಯ ಕಾರಣ ಶಾಲೆ. ಕನ್ನಡದಲ್ಲಿ ಮಕ್ಕಳ ಪುಸ್ತಕ ಹುಟ್ಟಿದ್ದೇ ಪಠ್ಯಪುಸ್ತಕದ ಮಗ್ಗುಲಲ್ಲಿ. ಪಂಜೆ ಮಂಗೇಶರಾಯರು ಮದರಾಸು ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು. ಮಂಗಳೂರು, ಧಾರವಾಡ, ಮೈಸೂರಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಓದುವ ಮಕ್ಕಳು ತಯಾರಾಗುತ್ತಿದ್ದರು. 1936ರ ಹೊತ್ತಿಗೆ ಶಿವರಾಮ ಕಾರಂತರು 'ಬಾಲಪ್ರಪಂಚ'ದಂಥ ದೊಡ್ಡ ಸಾಹಸಕ್ಕೆ ಕೈಹಾಕಲು ಅಂಥ ಓದುಗರ ಭರವಸೆ ಬೇಕಿತ್ತು. ಸುರಪುರ ಸಂಸ್ಥಾನವೋ, 1858ರ ಬಂಡಾಯದ ನಂತರ 1860ರಲ್ಲಿ ನಿಜಾಮರ ಕೈಸೇರಿತ್ತು. ಇಲ್ಲಿ ಆಡಳಿತದ ಭಾಷೆ ಉರ್ದು, ಮೇಲಿನ ಓದಿನ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕನ್ನಡ ಅಕ್ಷರವೇ ಸರಿಯಾಗಿ ಸಿಗದಿದ್ದಾಗ ಯಾವ ಪ್ರಕಾಶಕ ಬಂದಾನು? 1956ರಲ್ಲಿ ಏಕೀಕರಣವಾಯಿತು, ಆದರೆ ಹಿಂದಿನ ಬಾಕಿ ತೀರಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36, ಯಾದಗಿರಿಯದು ಶೇ. 51.83. ಜಿಲ್ಲೆಗಳಲ್ಲೆಲ್ಲ ಕಡಿಮೆ.

ಕೊನೆಗೂ ದಾರಿ ತೆರೆದದ್ದು ಅಂಗಡಿಯಿಂದಲ್ಲ. ಮಕ್ಕಳಿಗೆ ಓದು ಕಲಿಸುತ್ತಿದ್ದ ಪ್ರಥಮ್ ಸಂಸ್ಥೆಗೆ, ಕಲಿತ ಮಕ್ಕಳು ಓದಲು ಪುಸ್ತಕಗಳೇ ಸಾಲವು ಎಂಬುದು ಅರಿವಾಗಿ, 2004ರಲ್ಲಿ ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಹುಟ್ಟಿತು. ಇಂಥ ಪುಸ್ತಕ ಅಗ್ಗವಾಗುವುದರ ಗುಟ್ಟು ಅಚ್ಚುಮನೆಯಲ್ಲಿದೆ. ಬಣ್ಣದ ಚಿತ್ರಗಳು ಎಲ್ಲ ಭಾಷೆಗಳಿಗೂ ಒಂದೇ. ಅಕ್ಷರವಿರುವ ಕಪ್ಪು ಬಣ್ಣದ ಪ್ಲೇಟು ಮಾತ್ರ ಬದಲಾಗುತ್ತದೆ. ಹಾಗಾಗಿ ಚಿತ್ರದ ಖರ್ಚು ಹತ್ತು ಭಾಷೆಗಳಿಗೆ ಹಂಚಿಹೋಗುತ್ತದೆ. ಕನ್ನಡವೊಂದರಲ್ಲೇ ತರುವ ಸಣ್ಣ ಪ್ರಕಾಶಕರು ಚಿತ್ರಪುಸ್ತಕಕ್ಕೆ ಹಿಂಜರಿಯುವುದೂ ಇದೇ ಲೆಕ್ಕದಿಂದ.

ಇತ್ತ ಕೊಳ್ಳುವವರೂ ಸಿಕ್ಕರು. ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಗಟ್ಟಲೆ ಕೆಲಸ ಮಾಡಿತು. ಟಾಟಾ ಟ್ರಸ್ಟ್ಸ್ ಬೆಂಬಲದ 'ಕಲಿಕೆ' ಸಂಸ್ಥೆ ಜಿಲ್ಲೆಯ ಶಾಲೆಗಳಲ್ಲಿ ಗ್ರಂಥಾಲಯ ಕಟ್ಟಿತು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಶಾಲಾ ಮಕ್ಕಳನ್ನು ಉಚಿತ ಸದಸ್ಯರನ್ನಾಗಿ ಮಾಡಿಕೊಂಡಿತು.

ಇದೆಲ್ಲ ದೊಡ್ಡ ಕೆಲಸವೇ. ಆದರೂ ಒಂದು ಕಸಿವಿಸಿ ನನಗಿದೆ. ಇಲ್ಲಿ ಪುಸ್ತಕ ಆರಿಸುವವರು ಒಬ್ಬರು, ಓದುವವರು ಇನ್ನೊಬ್ಬರು. ಶಹಾಪುರದ ಸ್ಟೇಷನರಿ ಅಂಗಡಿಗಳಲ್ಲಿ ನಾನು ಕಂಡದ್ದು ಗೈಡು, ನೋಟ್‌ಬುಕ್ಕು, ನೌಕರಿ ಪರೀಕ್ಷೆಯ ಪುಸ್ತಕ. ಕಥೆಪುಸ್ತಕ ಇಲ್ಲವೇ ಇಲ್ಲ ಅನ್ನಬೇಕು. ಕೇಳಿದರೆ "ಯಾರ್ ತಗೊಂತಾರ್ರೀ?" ಅನ್ನುತ್ತಾರೆ. ಪ್ರಕಾಶಕರ ಬೆಳವಣಿಗೆ ಸಗಟು ಖರೀದಿಯ ಪಟ್ಟಿಯನ್ನೇ ನೆಚ್ಚಿದಾಗ ಪುಸ್ತಕದ ಭಾಷೆಯೂ ಆ ಪಟ್ಟಿ ಮಾಡುವವರ ಭಾಷೆಯಾಗುತ್ತದೆ.

ಸುರಪುರದ ಹತ್ತಿರದ ಒಂದು ಶಾಲೆಯಲ್ಲಿ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ಚಿತ್ರಪುಸ್ತಕ ಹಿಡಿದು ತಮ್ಮನಿಗೆ ಕಥೆ ಹೇಳುತ್ತಿದ್ದಳು. ಪುಸ್ತಕದ 'ಅಮ್ಮ' ಅವಳ ಬಾಯಲ್ಲಿ 'ಅವ್ವ' ಆದಳು. 'ಅಣ್ಣ ಬರುತ್ತಿದ್ದಾನೆ' ಎಂದಿದ್ದದ್ದು 'ಅಣ್ಣ ಬರ್ಲಿಕತ್ಯಾನ' ಆಯಿತು. ಓದುತ್ತಲೇ ಅನುವಾದ! 2015ರಲ್ಲಿ ಪ್ರಥಮ್ ಬುಕ್ಸ್ ಶುರುಮಾಡಿದ ಸ್ಟೋರಿವೀವರ್‌ನ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಮೂಲದವರ ಹೆಸರು ಹಾಕಿ ಯಾರು ಬೇಕಾದರೂ ಅವನ್ನು ತಮ್ಮ ಮಾತಿಗೆ ತಿರುಗಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಆ ಶಾಲೆಯ ಮೇಷ್ಟ್ರು ಒಂದು ಕಥೆಯನ್ನು ಹಾಗೆ ನಮ್ಮ ಮಾತಿಗೆ ತಿರುಗಿಸಿ, ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಇಟ್ಟಿದ್ದರು. ಇಪ್ಪತ್ತು ಪ್ರತಿ ಮಾಡಿಸಿದ್ದರಂತೆ. ನಾನು ಹೋದಾಗ ಕಪಾಟಿನಲ್ಲಿ ಉಳಿದದ್ದು ಮೂರು. ಮಿಕ್ಕವು ಮನೆಗೆ ಹೋಗಿ ತಿರುಗಿ ಬಂದಿರಲಿಲ್ಲ.