ಘಟಪ್ರಭೆಯ ಸೀಮೆಯ ಹಬ್ಬದ ನಗೆ

ಸಹ್ಯಾದ್ರಿಯಲ್ಲಿ ಹುಟ್ಟಿ, ಮರಾಠಿ ಸೀಮೆಯನ್ನು ಹಾಯ್ದು, ಹುಕ್ಕೇರಿ ತಾಲೂಕಿನ ದಡ್ಡಿಯ ಮಗ್ಗುಲಿಗೆ ಹರಿದುಬಂದು, ಹಿಡಕಲ್ಲಿನ ಜಲಾಶಯದಲ್ಲಿ ತುಸುಕಾಲ ತಂಗಿ, ಮುಂದೆ ಗೋಕಾಕದ ಬಂಡೆಗಳ ಮೇಲಿಂದ 171 ಅಡಿ ಕೆಳಕ್ಕೆ ಧುಮುಕುವ ಘಟಪ್ರಭೆಯ ಸೀಮೆಯನ್ನು ಜನರು ಜಲಪಾತಕ್ಕಾಗಿ ಬಲ್ಲರು, ಹತ್ತೊಂಬತ್ತನೆಯ ಶತಮಾನದ ನೂಲಿನ ಗಿರಣಿಗಾಗಿ ಬಲ್ಲರು, ನಾಲಗೆಯ ಚಪಲವುಳ್ಳವರು ಕರದಂಟಿಗಾಗಿಯೂ ಬಲ್ಲರು. ಆದರೆ ಈ ಸೀಮೆಯು ಕರ್ನಾಟಕಕ್ಕೆ ಕೊಟ್ಟ ಪದಾರ್ಥಗಳಲ್ಲಿ ಅತ್ಯಂತ ಬಾಳಿಕೆಯದು ಒಂದು ಬಗೆಯ ನಗೆಯೆಂದು ನನ್ನ ಭಾವನೆ. ಕಣದ ಕೆಲಸ ತೀರಿ, ಕಾಳು ಹಗೇವು ಸೇರಿ, ಊರ ದೇವರ ಜಾತ್ರೆ ಕೂಡಿದಾಗ, ಇಡೀ ಊರು ಒಂದೆಡೆ ಕುಳಿತು, ಬಾಯಿಪಾಠವಾಗಿರುವ ಕಥೆಯನ್ನೇ ಮತ್ತೊಮ್ಮೆ ಕಂಡು, ಬೆಳಗಿನ ಝಾವದವರೆಗೆ ನಕ್ಕ ನಗೆ ಅದು. ಅದರ ಹೆಸರು ಶ್ರೀಕೃಷ್ಣ ಪಾರಿಜಾತ.

ಈ ಆಟದ ಮೂಲಕೃತಿಯ ಕರ್ತೃ ಅಪರಾಳ ತಮ್ಮಣ್ಣನೆಂಬ ಕವಿಯಾದರೂ, ಅದನ್ನು ಹಳ್ಳಿಯ ಕಟ್ಟೆಗೆ ಒಗ್ಗುವಂತೆ ತಿದ್ದಿ, ಹಾಡುಗಳನ್ನು ಕೂಡಿಸಿ, ಮೇಳವನ್ನು ಕಟ್ಟಿ, ರಂಗದ ಮೇಲೆ ನಡೆಯುವ ವಸ್ತುವನ್ನಾಗಿ ಮಾಡಿದ ಕೀರ್ತಿಯು ಹತ್ತೊಂಬತ್ತನೆಯ ಶತಮಾನದ ಕುಲಗೋಡ ತಮ್ಮಣ್ಣನಿಗೆ ಸಲ್ಲತಕ್ಕದ್ದು. ಇಬ್ಬರು ತಮ್ಮಣ್ಣಂದಿರಾದುದರಿಂದ ಯಾವ ಪದ ಯಾರದೆಂಬ ವಿವಾದವು ವಿದ್ವಾಂಸರಿಗೆ ಸಾಕಷ್ಟು ಕಾಲಕ್ಷೇಪವನ್ನು ಒದಗಿಸಿದೆ. ಆಟ ನೋಡುವವರಿಗೆ ಅದರ ಗೊಡವೆಯಿಲ್ಲ. ಕುಲಗೋಡ ಹಳೆಯ ಗೋಕಾಕ ತಾಲೂಕಿನ ಊರು. ಅದೇ ಸೀಮೆಯ ಕೌಜಲಗಿಯಲ್ಲಿ ತರುವಾಯ ನಿಂಗಮ್ಮ ತಲೆಯೆತ್ತಿದಳು. ಗಂಡಸರೇ ಸೀರೆಯುಟ್ಟು ಸತ್ಯಭಾಮೆಯಾಗುತ್ತಿದ್ದ ಕಾಲದಲ್ಲಿ ಹೆಣ್ಣುಮಗಳೊಬ್ಬಳು ತಾನೇ ಭಾಮೆಯಾಗಿ, ತಾನೇ ಮೇಳದ ಒಡತಿಯಾಗಿ, ಊರೂರು ತಿರುಗಿ ಆಟವಾಡಿದ್ದು ಅಲ್ಪಸಾಹಸವಲ್ಲ. ಇಂದಿಗೂ ಈ ಕಡೆಯ ಹಿರಿಯರು ಯಾವ ಭಾಮೆಯನ್ನು ಕಂಡರೂ ನಿಂಗಮ್ಮನ ಹೆಸರನ್ನೆತ್ತದೆ ಬಿಡರು.

ಕಥೆಯೇನೋ ಅತ್ಯಲ್ಪ. ನಾರದನು ದೇವಲೋಕದ ಪಾರಿಜಾತದ ಹೂವೊಂದನ್ನು ತಂದು ಕೃಷ್ಣನಿಗೆ ಕೊಡುತ್ತಾನೆ; ಕೃಷ್ಣನು ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ; ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಇಷ್ಟಾದಮೇಲೆ ಇಡೀ ರಾತ್ರಿ ನಡೆಯುವುದು ಒಂದು ಮನೆಯ ಜಗಳ. ಭಾಮೆ ಮುನಿಯುತ್ತಾಳೆ, ವಿರಹದಿಂದ ಬೇಯುತ್ತಾಳೆ, ದೂತಿಯನ್ನು ಅಟ್ಟುತ್ತಾಳೆ. ಕೃಷ್ಣನು ಬಂದರೆ ಬಾಗಿಲು ತೆರೆಯಳು. ಹದಿನಾಲ್ಕು ಲೋಕಗಳ ಒಡೆಯನು ಹೆಂಡತಿಯ ಬಾಗಿಲ ಹೊರಗೆ ನಿಂತು ಸಬೂಬು ಹೇಳುವ ದೃಶ್ಯವು, ಹಿಂದಿನ ಸಂಜೆಯಷ್ಟೇ ತನ್ನ ಮನೆಯ ಬಾಗಿಲಲ್ಲಿ ಅದೇ ಸಬೂಬು ಹೇಳಿ ಬಂದ ಒಕ್ಕಲಿಗನಿಗೆ ಎಂತಹ ಸಮಾಧಾನವನ್ನು ಕೊಟ್ಟಿರಬೇಕೆಂಬುದನ್ನು ವಿವರಿಸಬೇಕಾಗಿಲ್ಲ. ಆದಿಯಲ್ಲಿ ಗೊಲ್ಲತಿಯು ಬಂದು, ದಾರಿಗಡ್ಡವಾದ ಇದೇ ಕೃಷ್ಣನ ಮಾನವನ್ನು ಮಾತಿನಲ್ಲಿಯೇ ಹರಾಜು ಹಾಕುತ್ತಾಳೆ. ಅಂತ್ಯದ ಕಡೆಗೆ ಅವನೇ ಕೊರವಂಜಿಯ ವೇಷ ಧರಿಸಿ ಭಾಮೆಗೆ ಕಣಿ ಹೇಳಬರುತ್ತಾನೆ. ಪೂಜೆಗೆ ಯೋಗ್ಯನಾದವನನ್ನು ಒಂದೇ ರಾತ್ರಿಯಲ್ಲಿ ಇಷ್ಟು ಸಲ ಪೀಠದಿಂದ ಕೆಳಗಿಳಿಸಿ, ಬೆಳಗಾಗುತ್ತಲೇ ಮಂಗಳಾರತಿಯೆತ್ತಿ ಮರಳಿ ಕೂರಿಸುವ ಧೈರ್ಯವು ಭಕ್ತರಿಗೆ ಮಾತ್ರ ಸಾಧ್ಯ. ನಾಸ್ತಿಕನು ಇಷ್ಟು ಸಲಿಗೆಯನ್ನು ತೋರಲಾರ.

ಇಲ್ಲಿ ದೂತಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಆಕೆ ಹೆಸರಿಗೆ ಭಾಮೆಯ ಸಖಿ. ಆದರೆ ಸೆರಗು ಹೊದ್ದು ಆ ಪಾತ್ರವನ್ನು ವಹಿಸುವವನು ಗಂಡಸು, ಅದರಲ್ಲಿಯೂ ಮೇಳದ ಅತ್ಯಂತ ಚತುರ ಮಾತುಗಾರ. ಭಾಮೆಯ ಹಾಡು ಬರೆದಿಟ್ಟದ್ದು, ರಾಗ ತಾಳಗಳ ಕಟ್ಟಿಗೆ ಒಳಪಟ್ಟದ್ದು. ದೂತಿಯ ಮಾತಿಗೆ ಕಟ್ಟಿಲ್ಲ. ಆ ವರ್ಷದ ಮಳೆ, ಬೆಲ್ಲದ ಧಾರಣೆ, ಊರಗೌಡನ ಜಿಪುಣತನ, ಎದುರಿಗೆ ತೂಕಡಿಸುತ್ತಿರುವ ಶಾನುಭೋಗ, ಎಲ್ಲವೂ ದ್ವಾರಕೆಯ ಅರಮನೆಗೆ ನುಗ್ಗುವುದು ಈ ಬಾಗಿಲಿನಿಂದ. ನಡುವೆ ಯಾರೋ ಅಭಿಮಾನಿ ಎದ್ದು ಹಣದ ಆಹೇರಿ ಮಾಡಿದರೆ, ಕಥೆ ಅಲ್ಲಿಯೇ ನಿಂತು, ದಾನಿಯ ಹೆಸರು ಕೂಗಲ್ಪಟ್ಟು, ಅವನ ಮೀಸೆಯ ಮೇಲೊಂದು ವಿನೋದವೂ ಆಗಿ, ಬಳಿಕ ಭಾಮೆಯ ವಿರಹವು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಗಡಿಯಾಚೆಯ ಮರಾಠಿ ತಮಾಶಾದಲ್ಲಿಯೂ ಗೌಳಣದ ಭಾಗವುಂಟು. ಅಲ್ಲಿಯೂ ಕೃಷ್ಣನು ಹಾಲು ಮೊಸರಿನವರನ್ನು ತಡೆಯುತ್ತಾನೆ, ಅಲ್ಲಿಯೂ ಗಂಡಸೇ ಸೀರೆಯುಟ್ಟು ಮಾವಶಿಯಾಗಿ ನಗಿಸುತ್ತಾನೆ. ಯಾರು ಯಾರಿಂದ ಪಡೆದರೆಂದು ಕಲಹಕ್ಕೆ ನಿಲ್ಲುವುದಕ್ಕಿಂತ, ಗಡಿಯ ಎರಡೂ ಮಗ್ಗುಲಿನ ಜನರು ಒಂದೇ ಸಂತೆಗೆ ಹೋಗುವವರೆಂಬುದನ್ನು ನೆನೆದರೆ ಸಾಕು.

ಇದೇ ಬಗೆಯ ಪರಿಪಾಠವು ದೂರದ ಇಂಗ್ಲೆಂಡಿನಲ್ಲಿಯೂ ಬೆಳೆದುಬಂದಿರುವುದನ್ನು ನೋಡಿದರೆ ಸೋಜಿಗವಾಗುತ್ತದೆ. ಅಲ್ಲಿ ಕ್ರಿಸ್‌ಮಸ್ಸಿನ ಸುತ್ತಮುತ್ತ ಪ್ಯಾಂಟೊಮೈಮ್ ಎಂಬ ಆಟಗಳು ನಡೆಯುತ್ತವೆ. ಮಕ್ಕಳೂ ಬಲ್ಲ ಹಳೆಯ ಕಥೆ, ಅದರಲ್ಲಿ ಮುದುಕಿಯ ವೇಷ ತೊಟ್ಟ ಗಂಡಸು. 1888ರಿಂದ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಡ್ಯಾನ್ ಲೀನೊ ಎಂಬ ವಿದೂಷಕನು ಇಂತಹ ವೇಷಗಳಿಂದಲೇ ಪ್ರಖ್ಯಾತನಾದನು. ಟೆಲಿವಿಷನ್ ಬಂದಮೇಲೆ ಆ ನಗೆ ಮನೆಯೊಳಕ್ಕೆ ಬಂದಿತು. 1958ರಲ್ಲಿ ಬಿ.ಬಿ.ಸಿ.ಯು ತನ್ನ ಜನಪ್ರಿಯ ಕಲಾವಿದರನ್ನೆಲ್ಲ ಒಂದುಗೂಡಿಸಿ ಕ್ರಿಸ್‌ಮಸ್ ರಾತ್ರಿಯ ವಿಶೇಷ ಕಾರ್ಯಕ್ರಮವೊಂದನ್ನು ಆರಂಭಿಸಿತು. ಮುಂದೆ ಮೋರ್ಕಮ್ ಮತ್ತು ವೈಸ್ ಎಂಬ ಜೋಡಿಯ ಹಬ್ಬದ ವಿನೋದವು ಊಟದಷ್ಟೇ ಅವಶ್ಯವೆನಿಸಿತು. ಅವರ ಉಪಾಯವೂ ನಮ್ಮವರದೇ: ಗಣ್ಯರನ್ನು ಪೀಠದಿಂದ ಇಳಿಸುವುದು. 1971ರ ಕ್ರಿಸ್‌ಮಸ್ಸಿನಲ್ಲಿ ವಾದ್ಯಗೋಷ್ಠಿಯ ಮಹಾನಿರ್ದೇಶಕ ಆಂದ್ರೆ ಪ್ರೆವಿನ್ನನ ಎದುರಿಗೆ ಪಿಯಾನೊವನ್ನು ಅಸ್ತವ್ಯಸ್ತವಾಗಿ ನುಡಿಸಿ, ತಪ್ಪನ್ನು ಒಪ್ಪದೆ ಅವನನ್ನೇ ಗದರಿಸಿದರು. 1976ರಲ್ಲಿ ಗಂಭೀರಮುದ್ರೆಯ ವಾರ್ತಾವಾಚಕಿ ಆಂಜೆಲಾ ರಿಪನ್ನಳನ್ನು ಮೇಜಿನ ಹಿಂದಿನಿಂದ ಎಬ್ಬಿಸಿ ಕುಣಿಸಿದರು. 1996ರ ಡಿಸೆಂಬರ್ 29ರಂದು 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್' ಎಂಬ ವಿನೋದಮಾಲೆಯ ಹಬ್ಬದ ಕಂತನ್ನು 2 ಕೋಟಿ 43 ಲಕ್ಷ ಜನರು ನೋಡಿದರು. ಆ ದೇಶದ ಒಟ್ಟು ಜನಸಂಖ್ಯೆ ಆಗ ಆರು ಕೋಟಿಯೂ ಇರಲಿಲ್ಲ. ವರ್ಷಗಟ್ಟಲೆ ಬಡತನದಲ್ಲಿ ತಂತ್ರ ಹೂಡುತ್ತಿದ್ದ, ಆ ಮಾಲೆಯ ನಾಯಕರಾದ ಅಣ್ಣತಮ್ಮಂದಿರು ಕಟ್ಟಕಡೆಗೆ ಶ್ರೀಮಂತರಾದುದನ್ನು ನೋಡಲು ಅಷ್ಟೊಂದು ಮಂದಿ ಕಾದಿದ್ದುದಕ್ಕೆ ಕಾರಣ, ಕಥೆ ಹೊಸದೆಂಬುದಲ್ಲ, ಪಾತ್ರಗಳು ಮನೆಯವರೇ ಆಗಿಬಿಟ್ಟಿದ್ದರೆಂಬುದು.

ಹಬ್ಬದ ನಗೆಗೆ ಪರಿಚಯವೇ ಬಂಡವಾಳ. ಮುಂದೇನಾಗುವುದೆಂಬ ಕುತೂಹಲವುಳ್ಳವನು ಕಥೆಯನ್ನು ನೋಡುತ್ತಾನೆ. ಅದನ್ನು ಬಲ್ಲವನಿಗೆ ಪಾತ್ರಧಾರಿಯ ಹುಬ್ಬನ್ನೂ ಪಕ್ಕದವನ ಮುಖವನ್ನೂ ನೋಡುವಷ್ಟು ಪುರಸತ್ತು ಇರುತ್ತದೆ. ಆದುದರಿಂದಲೇ ಇಂತಹ ಆಟಕ್ಕೆ ಬಿಡುವಿನ ರಾತ್ರಿಯೂ ಒಗ್ಗೂಡಿದ ಜನವೂ ಅಗತ್ಯ. ಬಿತ್ತನೆಯ ಕಾಲದಲ್ಲಿ ಪಾರಿಜಾತಕ್ಕೆ ಯಾರೂ ವೀಳ್ಯ ಕೊಡರು. ಕೊಟ್ಟರೂ ಸಾಲ ಮಾಡಿ ಬೀಜ ತಂದವನು ಭಾಮೆಯ ಮುನಿಸಿಗೆ ನಗಲಾರನು.

ಇಪ್ಪತ್ತನೆಯ ಶತಮಾನದಲ್ಲಿ ಜಾತ್ರೆಯ ನಗೆಗೆ ಪ್ರತಿಸ್ಪರ್ಧಿಗಳು ಹಲವರು ಬಂದರು. ನಾಟಕ ಕಂಪನಿಗಳು ತಗಡಿನ ಥಿಯೇಟರು ಕಟ್ಟಿ, ಪರದೆಗಳನ್ನು ಇಳಿಬಿಟ್ಟು, ಜಾತ್ರೆಯಿಂದ ಜಾತ್ರೆಗೆ ಬಿಡಾರ ಬದಲಿಸಿದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಹಲವು ಕಂಪನಿಗಳು ವಾರಗಟ್ಟಲೆ ತಂಗುತ್ತವೆ. ಅವುಗಳ ಹಾಸ್ಯವು ದೂತಿಯ ಸಂತಾನವೇ ಆದರೂ, ಕಥೆಯ ಹಂಗನ್ನು ಕಳಚಿಕೊಂಡು ದ್ವಂದ್ವಾರ್ಥದ ಕಡೆಗೆ ಜಾರಿದುದನ್ನು ನಾನು ಏಳಿಗೆಯೆಂದು ಕರೆಯಲಾರೆ. ಅಪಹಾಸ್ಯಕ್ಕೆ ಯೋಗ್ಯನಾದ ದೇವರು ಎದುರಿಗಿಲ್ಲದಾಗ ವಿದೂಷಕನು ಎಳೆದಾಡುವುದು ಬಡ ಹೆಂಗಸಿನ ಸೆರಗನ್ನು. 1950ರಲ್ಲಿ ಧಾರವಾಡದ ಆಕಾಶವಾಣಿ ಆರಂಭವಾಯಿತು, ತರುವಾಯ ಟೆಲಿವಿಷನ್ ಬಂದಿತು. ನಗೆ ದಿನನಿತ್ಯದ ಸರಕಾಯಿತು.

ಪಾರಿಜಾತವು ಸತ್ತಿಲ್ಲ. ಆದರೆ ನಗರದ ಉತ್ಸವಗಳಲ್ಲಿ ಅದಕ್ಕೆ ದೊರೆಯುವುದು ಒಂದೆರಡು ಗಂಟೆ ಮಾತ್ರ. ಸಂಕ್ಷೇಪಿಸುವಾಗ ಪ್ರಸಿದ್ಧವಾದ ಹಾಡುಗಳನ್ನು ಉಳಿಸಿಕೊಂಡು ದೂತಿಯ ಮಾತಿಗೆ ಕತ್ತರಿ ಹಾಕುವುದು ಯಾರಿಗಾದರೂ ಸುಲಭವಾಗಿ ತೋರುವ ದಾರಿ. ಸಭಿಕರು ಹೊರಗಿನವರಾದ್ದರಿಂದ ಅವರ ಗೌಡನ ಹೆಸರು ದೂತಿಗೂ ತಿಳಿಯದು. ಉತ್ಸವದವರು ತಮ್ಮ ಒಂದೆರಡು ಗಂಟೆಯನ್ನು ಸುಖವಾಗಿ ಇಟ್ಟುಕೊಳ್ಳಲಿ. ಜಾತ್ರೆಯ ಪಂಚರು ಮಾತ್ರ, ವೀಳ್ಯ ಕೊಡುವಾಗಲೇ, ಗೊಲ್ಲತಿಯಿಂದ ಕೊರವಂಜಿಯವರೆಗೆ ಒಂದನ್ನೂ ಬಿಡಕೂಡದೆಂದು ಮೇಳದವರೊಡನೆ ಕರಾರು ಮಾಡಿಕೊಳ್ಳಲಿ; ಅದಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನು, ದೂತಿಯ ಬಾಯಿಗೆ ಅಂಜುವ ಗೌಡನೇ ಭರಿಸಿಯಾನು.