ಕನಗನಹಳ್ಳಿಯ ಮಹಾಚೈತ್ಯ ಹಾಗೂ ಆದಿಬೌದ್ಧರ ಧ್ಯಾನಾಭ್ಯಾಸ

ಕಲಬುರಗಿ ಜಿಲ್ಲೆಯ ಭೀಮಾತೀರದಲ್ಲಿ, ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನವು, ಶಾಸನಗಳಲ್ಲಿ ಅಧೋಲೋಕ ಮಹಾಚೈತ್ಯವೆಂದು ಉಕ್ತವಾದ ಸ್ತೂಪವನ್ನೂ, ‘ರಾಯ ಅಸೋಕೋ’ ಎಂಬ ಬ್ರಾಹ್ಮೀ ಬರಹವುಳ್ಳ ಅಶೋಕನ ಶಿಲ್ಪವನ್ನೂ ಬೆಳಕಿಗೆ ತಂದಿತು. ಅಲ್ಲಿಯ ಅನೇಕ ಶಿಲಾಫಲಕಗಳಲ್ಲಿ ಬುದ್ಧನು ಮಾನುಷರೂಪದಿಂದಲ್ಲದೆ ಶೂನ್ಯಾಸನ, ಪಾದಮುದ್ರೆ, ಧರ್ಮಚಕ್ರ, ಬೋಧಿವೃಕ್ಷಗಳಿಂದ ಸೂಚಿತನಾಗಿದ್ದಾನೆ.

ಹೀಗೆ ಸೂಚಿತನಾದ ಬುದ್ಧನ ಬೋಧನೆಗಳನ್ನುಳ್ಳ ಪಾಲಿ ಸುತ್ತಗಳ ಉಪದೇಶದಂತೆ, ಧ್ಯಾನವನ್ನು ಕಲಿಯಹೊರಟ ಭಿಕ್ಷುವು ಅರಣ್ಯದಲ್ಲಾಗಲಿ ವೃಕ್ಷಮೂಲದಲ್ಲಾಗಲಿ ನಿರ್ಜನ ಗೃಹದಲ್ಲಾಗಲಿ ಬೆನ್ನನ್ನು ನೆಟ್ಟಗಿರಿಸಿ ಕುಳಿತು, ಉಸಿರಿನ ದೀರ್ಘ-ಹ್ರಸ್ವ ಗತಿಯನ್ನು ಇದ್ದಂತೆಯೇ ಅರಿಯುತ್ತ, ಕ್ರಮೇಣ ಕಾಯ, ವೇದನೆ, ಚಿತ್ತ, ಧರ್ಮಗಳೆಂಬ ನಾಲ್ಕನ್ನೂ ಜಾಗೃತಿಯಿಂದ ಅವಲೋಕಿಸಬೇಕು. ಶ್ವಾಸವನ್ನಾಶ್ರಯಿಸಿದ ಈ ಅಭ್ಯಾಸಕ್ಕೆ ಆನಾಪಾನಸ್ಮೃತಿ ಎಂದು ಹೆಸರು.

ಕನಗನಹಳ್ಳಿಗೆ ತೆರಳುವ ಯಾತ್ರಿಕರು ಅಲ್ಲಿಯ ಶಿಲ್ಪಗಳನ್ನು ಮುಟ್ಟದೆ, ಮೌನದಿಂದ ವೀಕ್ಷಿಸಬೇಕಾಗಿ ವಿನಂತಿ.